ಅಟ್ಟದ ಹಲಗೆ ಮತ್ತು ಲಂಡನ್ನಿನ ನಲವತ್ತೆಂಟು ಚಿತ್ರಗಳು

ಸುಮಾರು ಇನ್ನೂರು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಒಬ್ಬರು ಕಂಬ, ಬೋದಿಗೆ, ಗೋಪುರಗಳ ಮೇಲೆ ಒಂದು ಪುಸ್ತಕ ಬರೆದರು. ಅವರ ಹೆಸರು ರಾಮರಾಜ್. ಇಂಗ್ಲಿಷ್ ದಾಖಲೆಗಳಲ್ಲಿ 'ರಾಮ್ ರಾಜ್' ಎಂದಿದೆ. ಹಿಂದೂಗಳ ವಾಸ್ತುಶಿಲ್ಪದ ಮೇಲೆ ಅವರು ಇಂಗ್ಲಿಷಿನಲ್ಲಿ ಬರೆದ ಆ ಪ್ರಬಂಧವನ್ನು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ 1834ರಲ್ಲಿ ಪ್ರಕಟಿಸಿತು. ಅದರಲ್ಲಿ ನಲವತ್ತೆಂಟು ಪುಟ ಬರೀ ಚಿತ್ರಗಳು. ನಮ್ಮ ಶಿಲ್ಪಶಾಸ್ತ್ರದ ಸಂಸ್ಕೃತ ಗ್ರಂಥಗಳನ್ನು ಎದುರಿಗಿಟ್ಟುಕೊಂಡು, ಅಳತೆ ಸಮೇತ ಬರೆಸಿದ ಚಿತ್ರಗಳಿರುವ ಮೊದಲ ಅಚ್ಚಾದ ಪುಸ್ತಕ ಇದೇ ಎಂದು ಕಲಾ ಇತಿಹಾಸ ಓದಿದವರು ಹೇಳುತ್ತಾರೆ. ಪುಸ್ತಕ ಹೊರಬರುವಷ್ಟರಲ್ಲಿ ರಾಮರಾಜ್ ತೀರಿಕೊಂಡಿದ್ದರು. ಅದಕ್ಕಾಗಿ ಬರೆಸಿದ ಮೂಲ ಚಿತ್ರಗಳು ಇವತ್ತಿಗೂ ಆ ಸೊಸೈಟಿಯ ಸಂಗ್ರಹದಲ್ಲಿವೆ.

ಸಿವಿಲ್ ಡಿಪ್ಲೊಮಾದ ಮೂರು ವರ್ಷದಲ್ಲಿ ಈ ಹೆಸರನ್ನು ನನಗೆ ಯಾರೂ ಹೇಳಲಿಲ್ಲ. ಡೋರಿಕ್, ಅಯೋನಿಕ್, ಕೊರಿಂಥಿಯನ್ ಎಂದು ಗ್ರೀಕರ ಕಂಬಗಳ ಹೆಸರು ಮಾತ್ರ ಬಾಯಿಪಾಠವಾಗಿತ್ತು. ಕೆಲಸ ಹುಡುಕುತ್ತಾ ಮನೆಯಲ್ಲಿ ಕೂತಿದ್ದ ದಿನಗಳಲ್ಲಿ, ಮೊಬೈಲಿನಲ್ಲಿ ಏನನ್ನೋ ಹುಡುಕುವಾಗ ಈ ಪುಸ್ತಕದ ಸ್ಕ್ಯಾನ್ ಪ್ರತಿ ಸಿಕ್ಕಿತು. ಉಚಿತವಾಗಿಯೇ ಇದೆ, ಯಾರು ಬೇಕಾದರೂ ತೆರೆದು ನೋಡಬಹುದು.

ಮೊದಲು ರಾಮರಾಜರ ಬಯೋಡೇಟಾ ನೋಡೋಣ. ಕೆಲಸ ಹುಡುಕುವ ನಮ್ಮಂಥವರು ಓದಬೇಕಾದದ್ದು ಅದು. 1790ರ ಸುಮಾರಿಗೆ ತಂಜಾವೂರಿನಲ್ಲಿ ಹುಟ್ಟಿದವರು. ಮನೆತನಕ್ಕೆ ಹಳೆಯ ಹೆಸರು ಇತ್ತೇ ಹೊರತು ಕೈಯಲ್ಲಿ ಏನೂ ಇರಲಿಲ್ಲ. ಮೊದಲ ಕೆಲಸ ಒಂದು ಪಲ್ಟಣದಲ್ಲಿ ಸಣ್ಣ ಗುಮಾಸ್ತಿಕೆ. ಆಮೇಲೆ ಮದರಾಸಿನ ಸೈನ್ಯದ ಲೆಕ್ಕಪತ್ರ ಕಚೇರಿಯಲ್ಲಿ ಗುಮಾಸ್ತ. ಟಿಪ್ಪು ಸುಲ್ತಾನ್ ತನ್ನ ಕಂದಾಯ ಅಧಿಕಾರಿಗಳಿಗಾಗಿ ಮಾಡಿದ್ದ ನಿಯಮಗಳ ಮರಾಠಿ ಪ್ರತಿಯನ್ನು ಅವರು ಇಂಗ್ಲಿಷಿಗೆ ಅನುವಾದಿಸಿದರು. ರಿಚರ್ಡ್ ಕ್ಲಾರ್ಕ್ ಎಂಬ ಅಧಿಕಾರಿಯ ಕಣ್ಣಿಗೆ ಬಿದ್ದದ್ದು ಆ ಅನುವಾದದಿಂದ. 1815ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಮುಖ್ಯ ಇಂಗ್ಲಿಷ್ ಮೇಷ್ಟರಾದರು. ಕೊನೆಗೆ ಬೆಂಗಳೂರಿನಲ್ಲಿ ದೇಶೀಯ ನ್ಯಾಯಾಧೀಶ ಮತ್ತು ಮ್ಯಾಜಿಸ್ಟ್ರೇಟ್. ನಡುವೆ ಜ್ಯೂರಿ ಪದ್ಧತಿಯ ಬಗ್ಗೆಯೂ ಬರೆದರು. ಕಟ್ಟಡ ಕಟ್ಟಿದವರಲ್ಲ, ಉಳಿ ಹಿಡಿದವರಲ್ಲ. ಅವರ ಬಳಿ ಇದ್ದ ಬಂಡವಾಳ ಭಾಷೆ ಒಂದೇ.

ಪುಸ್ತಕಕ್ಕೆ ಕೈ ಹಾಕಿದಾಗ ಅವರಿಗೆ ಎದುರಾದ ತೊಡಕನ್ನು ಕ್ಲಾರ್ಕ್‌ಗೆ ಬರೆದ ಪತ್ರಗಳಲ್ಲಿ ಹೇಳಿಕೊಂಡಿದ್ದಾರೆ. ಅವರು ನೆಚ್ಚಿಕೊಂಡದ್ದು 'ಮಾನಸಾರ', 'ಮಯಮತ'ದಂಥ ಗ್ರಂಥಗಳನ್ನು. ಸಿಕ್ಕ ಮಾನಸಾರದ ಪ್ರತಿ ಪೂರ್ತಿಯದ್ದಾಗಿರಲಿಲ್ಲ. ಇದ್ದಷ್ಟನ್ನಾದರೂ ಬಿಡಿಸಿ ಹೇಳುವವರು ಬೇಕಲ್ಲ? ಸಂಸ್ಕೃತ ಬಲ್ಲ ಪಂಡಿತರಿಗೆ ಶ್ಲೋಕದ ವ್ಯಾಕರಣ ಗೊತ್ತು, ಆದರೆ 'ಕುಮುದ' ಎಂದರೆ ಕಟ್ಟೆಯ ಯಾವ ಪಟ್ಟಿ, 'ಕಂಪ' ಎಷ್ಟು ದಪ್ಪ ಎಂಬುದು ಗೊತ್ತಿಲ್ಲ. ಕೆಲಸ ಬಲ್ಲ ಶಿಲ್ಪಿಗಳಿಗೆ ಕಲ್ಲು ಗೊತ್ತು, ಸಂಸ್ಕೃತ ಗೊತ್ತಿಲ್ಲ. ಇಬ್ಬರೂ ಒಂದೇ ಊರಿನಲ್ಲಿ ಇದ್ದರೂ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಹೋಗುತ್ತಿರಲಿಲ್ಲ. ಕೊನೆಗೆ ತಂಜಾವೂರಿನ ಕಮ್ಮಾಳರ ಪೈಕಿ ಒಬ್ಬ ನುರಿತ ಶಿಲ್ಪಿಯ ನೆರವು ಸಿಕ್ಕಿತು. ಕೆಲಸವೂ ಗೊತ್ತು, ಆ ಕಸುಬಿನ ಪದಗಳೂ ಗೊತ್ತು ಎಂಬಂಥ ಮನುಷ್ಯ. ಶ್ಲೋಕ ಚಿತ್ರವಾದದ್ದು ಅಂಥವರ ನೆರವಿನಿಂದ.

ಕಮ್ಮಾಳರು ಎಂದರೆ ತಮಿಳುನಾಡಿನಲ್ಲಿ ನಮ್ಮ ಆಚಾರ್ರೇ. ನಾವೂ ಆಚಾರ್ರು. ಆಲೂರು ತಾಲ್ಲೂಕಿನ ಪಾಳ್ಯದಲ್ಲಿ ನಮ್ಮದು ಮರಗೆಲಸದ ಮನೆ. ಅಪ್ಪ, ತಾತ, ಅವರಪ್ಪ, ಎಲ್ಲರೂ ಈ ಸುತ್ತಿನ ತೊಟ್ಟಿ ಮನೆಗಳ ಕಂಬ, ತೊಲೆ, ಬಾಗಿಲುವಾಡ ಮಾಡಿಕೊಂಡು ಬಂದವರು. ಈಗ ಅಪ್ಪ ಹೆಚ್ಚಾಗಿ ರೆಡಿಮೇಡ್ ಬಾಗಿಲಿಗೆ ತಿರುಗಣೆ ಕೂರಿಸುತ್ತಾರೆ. ಕಾಫಿ ಎಸ್ಟೇಟಿನ ಹೋಂಸ್ಟೇಗಳಿಂದ ಆಗಾಗ 'ಹಳೇ ಕಾಲದ ಥರ' ಒಂದು ಕಂಬ ಮಾಡಿಕೊಡಿ ಎಂದು ಫೋನ್ ಬರುವುದುಂಟು. ಆ ದಿನ ಅಪ್ಪನ ಮುಖ ನೋಡಬೇಕು.

ಪುಸ್ತಕದ ಕಂಬಗಳ ಪುಟಗಳನ್ನು ಅಪ್ಪನಿಗೆ ತೋರಿಸಿದೆ. ಅಪ್ಪನಿಗೆ ಇಂಗ್ಲಿಷ್ ಬಾರದು. ಬೆರಳಲ್ಲಿ ಚಿತ್ರ ದೊಡ್ಡದು ಮಾಡಿಕೊಂಡು ಮೇಲಿಂದ ಕೆಳಗೆ ನೋಡಿದರು. ಕಂಬದ ತಲೆಯ ಮೇಲೆ ಎರಡೂ ಕಡೆ ಚಾಚಿಕೊಂಡ ಭಾಗ ತೋರಿಸಿ "ಇದಕ್ಕೆ ಏನಂತ ಬರೆದವ್ರೆ?" ಅಂದರು. 'ಬೋಧಿಕಾ' ಅಂತಿದೆ ಅಂದೆ.

"ಮತ್ತೆ? ಬೋದಿಗೆ ಕಣವ್ವ ಅದು. ಹೊಸದೇನೈತೆ ಅದ್ರಲ್ಲಿ?"

ನನಗೆ ಹೊಸದೇ. ಸಂಸ್ಕೃತ ಗ್ರಂಥದಿಂದ ಇಂಗ್ಲಿಷಿಗೆ, ಅಲ್ಲಿಂದ ಲಂಡನ್ನಿನ ಅಚ್ಚುಮನೆಗೆ ಹೋಗಿ ಬಂದ ಪದ ನಮ್ಮ ಮನೆಯ ಹಿತ್ತಲಲ್ಲಿ ದಿನಾ ಓಡಾಡಿಕೊಂಡಿದೆ. ನಾನು ಕಾಲೇಜಿನಲ್ಲಿ ಅದನ್ನೇ 'ಬ್ರಾಕೆಟ್ ಕ್ಯಾಪಿಟಲ್' ಎಂದು ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆ.

ಎಂಟು ಮೂಲೆಯ ಲೆಕ್ಕ

ಚಿತ್ರಗಳನ್ನು ಬರೀ ಚಂದಕ್ಕೆ ನೋಡಿದರೆ ಸಾಲದು, ಜೊತೆಗಿರುವ ಲೆಕ್ಕ ನೋಡಬೇಕು. ನಾಲ್ಕು ಮೂಲೆಯ ಕಂಬ ಬ್ರಹ್ಮಕಾಂತ, ಎಂಟು ಮೂಲೆಯದು ವಿಷ್ಣುಕಾಂತ, ಹದಿನಾರು ಮೂಲೆಯದು ಅಥವಾ ಗುಂಡನೆಯದು ರುದ್ರಕಾಂತ, ಐದು ಮೂಲೆಯದು ಶಿವಕಾಂತ, ಆರು ಮೂಲೆಯದು ಸ್ಕಂದಕಾಂತ. ಮಾನಸಾರ ಕಂಬಗಳನ್ನು ವಿಂಗಡಿಸುವ ರೀತಿ ಇದು. ಕೆಳಗೆ ಉಪಪೀಠ, ಅದರ ಮೇಲೆ ಅಧಿಷ್ಠಾನ, ಮೇಲೆ ಕಂಬ, ಕಂಬದ ಮೇಲೆ ಪ್ರಸ್ತರ. ಒಂದೊಂದರ ಎತ್ತರವನ್ನೂ ಇಷ್ಟು ಭಾಗ ಎಂದು ಹೋಳು ಮಾಡಿ, ಅದರಲ್ಲಿ ಪದ್ಮಕ್ಕೆ ಇಷ್ಟು, ಕುಮುದಕ್ಕೆ ಇಷ್ಟು, ಗಳಕ್ಕೆ ಇಷ್ಟು ಎಂದು ಹಂಚುತ್ತಾರೆ. ಇಂತಿಷ್ಟು ಅಡಿ, ಇಂತಿಷ್ಟು ಇಂಚು ಎಂಬ ಮಾತೇ ಇಲ್ಲ. ಎಲ್ಲವೂ ಪಾಲಿನ ಲೆಕ್ಕ. ಕಟ್ಟಡ ದೊಡ್ಡದಾದರೆ ಪಾಲೂ ದೊಡ್ಡದಾಗುತ್ತದೆ, ಅಂದ ಕೆಡುವುದಿಲ್ಲ. ಆಟೋಕ್ಯಾಡ್‌ನಲ್ಲಿ ನಾವು 'ಸ್ಕೇಲ್' ಕಮಾಂಡ್ ಕೊಟ್ಟು ಮಾಡುವುದನ್ನೇ ಇವರು ದಾರ ಮಡಚಿ ಮಾಡುತ್ತಿದ್ದರು.

ಅಳತೆಯ ಕಡ್ಡಿಯೂ ಹಾಗೇ. ಎಂಟು ಯವ ಸೇರಿದರೆ ಒಂದು ಅಂಗುಲ, ಹನ್ನೆರಡು ಅಂಗುಲಕ್ಕೆ ಒಂದು ಗೇಣು, ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಮೊಳ. ಆದರೆ ಮೊಳ ಒಂದೇ ಬಗೆಯದಲ್ಲ. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು ಅಂಗುಲದ ಮೊಳಗಳೂ ಇವೆ. ಮನೆಗೆ ಒಂದು, ಊರು ಅಳೆಯಲು ಇನ್ನೊಂದು.

ಊರು ಅಂದೆನಲ್ಲ, ಮಾನಸಾರದಲ್ಲಿ ಊರಿನ ನಕ್ಷೆಗಳೂ ಎಂಟು ಬಗೆ. ದಂಡಕ, ನಂದ್ಯಾವರ್ತ, ಸ್ವಸ್ತಿಕ, ಬಿಲ್ಲಿನ ಆಕಾರದ ಕಾರ್ಮುಕ ಇತ್ಯಾದಿ. ನಮ್ಮ ಪಾಳ್ಯ ಯಾವುದಕ್ಕೆ ಸೇರುತ್ತದೆ ಎಂದು ನೋಡಿದೆ. ರಸ್ತೆ ಹೋದ ಕಡೆ ಊರು ಹೋಗಿದೆ. ಎಳೆದಾಡಿ ಹೇಳಿದರೆ ದಂಡಕ.

ಈ ಲೆಕ್ಕವೆಲ್ಲ ಸತ್ತುಹೋದ ವಿದ್ಯೆ ಎಂದುಕೊಳ್ಳಬೇಡಿ. ಮನೆ ಕಟ್ಟಿಸುವವರು ಈಗಲೂ 'ಆಯ' ಕೇಳುತ್ತಾರೆ. ಉದ್ದ ಅಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷ ಬೆಸಸಂಖ್ಯೆ ಬಂದರೆ ಒಳ್ಳೆಯದು. ಒಂದು ಉಳಿದರೆ ಧ್ವಜಾಯ, ಮೂರು ಉಳಿದರೆ ಸಿಂಹಾಯ, ಐದಕ್ಕೆ ವೃಷಭಾಯ, ಏಳಕ್ಕೆ ಗಜಾಯ. ಇದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ನಂಬುವವಳೂ ಅಲ್ಲ. ಆದರೆ ಎಂಜಿನಿಯರ್ ಕೊಟ್ಟ ಪ್ಲಾನ್ ನೋಡಿ, ಕಾಗದ ಪೆನ್ಸಿಲ್ ಇಲ್ಲದೆ ಎರಡು ನಿಮಿಷದಲ್ಲಿ "ಅಗಲ ಮೂರಿಂಚು ಏರಿಸಿ" ಎಂದು ತಾತ ಹೇಳುತ್ತಿದ್ದ ಬಾಯಿಲೆಕ್ಕದ ವೇಗ ಮಾತ್ರ ನನಗೆ ಇವತ್ತಿಗೂ ಬಂದಿಲ್ಲ.

ಹೆಸರು ಬರೆಯುವ ಜಾಗ

ಇಷ್ಟು ಓದಿದ ಮೇಲೆ ಒಂದು ವಿಷಯ ಕಾಡತೊಡಗಿತು. ಪುಸ್ತಕದ ಮುಖಪುಟದಲ್ಲಿ ರಾಮರಾಜರ ಹೆಸರಿದೆ, ಹುದ್ದೆ ಇದೆ. ಆ ತಂಜಾವೂರಿನ ಶಿಲ್ಪಿಯ ಹೆಸರು ಅಲ್ಲಿಲ್ಲ. 'ಒಬ್ಬ ಒಳ್ಳೆಯ ಶಿಲ್ಪಿ', ಅಷ್ಟೇ. ರಾಮರಾಜರ ಮೇಲೆ ನನಗೆ ಸಿಟ್ಟಿಲ್ಲ. ಶಿಲ್ಪಿಯ ನೆರವಿತ್ತು ಎಂಬುದನ್ನು ಅವರು ಮುಚ್ಚಿಡಲಿಲ್ಲ, ಆ ಕಾಲದಲ್ಲಿ ಅದೇ ದೊಡ್ಡದು. ಆದರೂ ಕೇಳಬೇಕಾದ ಪ್ರಶ್ನೆ ಇದು.

ಯಾಕೆಂದರೆ ನಮ್ಮೂರಿಗೆ ಹತ್ತಿರದ ಬೇಲೂರಿನಲ್ಲಿ, ಅದಕ್ಕೂ ಏಳುನೂರು ವರ್ಷ ಹಿಂದೆಯೇ, ಕೆಲಸಗಾರರು ಹೆಸರು ಕೆತ್ತಿದ್ದಾರೆ. ವಿಷ್ಣುವರ್ಧನನ ಕಾಲದ, 1117ರ ಚೆನ್ನಕೇಶವ ಗುಡಿಯ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳಿವೆ. ಅಪ್ಪ ಮಗ ಇಬ್ಬರೂ ಒಂದೇ ಗುಡಿಯಲ್ಲಿ ಬೇರೆ ಬೇರೆ ವಿಗ್ರಹ ಮಾಡಿ, ಇದು ನಾನು ಮಾಡಿದ್ದು ಎಂದು ಕನ್ನಡದಲ್ಲಿ ಬರೆದರು. 1268ರ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ನಾವೆಲ್ಲ ಶಾಲೆಯಿಂದ ಕೇಳಿಕೊಂಡು ಬಂದದ್ದು ಜಕಣಾಚಾರಿ ಮತ್ತು ಡಂಕಣನ ಕಥೆ. ಅದೂ ಅಪ್ಪ ಮಗನದ್ದೇ. ಕಥೆ ಚೆನ್ನಾಗಿದೆ, ಸಿನಿಮಾನೂ ಆಯ್ತು. ಆದರೆ ಜಕಣಾಚಾರಿಯನ್ನು ಕೇಳಿದವರೆಲ್ಲ ದಾಸೋಜನನ್ನು ಕೇಳಿಲ್ಲ ಅನ್ನುವುದೇ ನನಗೆ ಬೇಜಾರು. ಹೊಯ್ಸಳರ ಗುಡಿಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದ ನನ್ನ ಗೆಳತಿಯರಲ್ಲಿ ಒಬ್ಬಳಿಗೂ ಆ ಹೆಸರು ಗೊತ್ತಿರಲಿಲ್ಲ.

ಡ್ರಾಯಿಂಗ್ ಮಾಡಿದವರಿಗೆ ಗೊತ್ತು, ಹಾಳೆಯ ಬಲಗಡೆ ಕೆಳಗೆ ಒಂದು ಚೌಕ ಇರುತ್ತದೆ. ಡ್ರಾನ್ ಬೈ, ಚೆಕ್ಡ್ ಬೈ, ಅಪ್ರೂವ್ಡ್ ಬೈ. ಡಿಪ್ಲೊಮಾ ಮುಗಿದ ಮೇಲೆ ನಾನು ನಾಲ್ಕು ತಿಂಗಳು ಒಂದು ಕಚೇರಿಯಲ್ಲಿ ಟ್ರೈನಿ ಆಗಿದ್ದೆ. ಒಂಬತ್ತು ಮನೆಗಳ ಪ್ಲಾನ್ ಪೂರ್ತಿ ನಾನೇ ಬರೆದದ್ದು. ಒಂದರಲ್ಲೂ ಡ್ರಾನ್ ಬೈ ಎದುರು ನನ್ನ ಇನಿಷಿಯಲ್ ಬರಲಿಲ್ಲ. ಕೇಳಿದ್ದಕ್ಕೆ "ಟ್ರೈನಿಗಳದ್ದು ಹಾಕೋ ಪದ್ಧತಿ ಇಲ್ಲಮ್ಮ" ಎಂದರು. ಮುಂದೆ ಇಂಟರ್‌ವ್ಯೂಗೆ ಹೋದ ಕಡೆಯೆಲ್ಲ ಕೇಳಿದ್ದು ಒಂದೇ. ನೀವು ಮಾಡಿದ ಕೆಲಸ ತೋರಿಸಿ. ಏನು ತೋರಿಸಲಿ?

ಅಟ್ಟದಲ್ಲಿ ಇದ್ದದ್ದು

ನಮ್ಮ ಮನೆತನದ ಕೆಲಸಕ್ಕೂ ಇದೇ ಗತಿ. ನೂರಿಪ್ಪತ್ತು ವರ್ಷ ದಾಟಿದ ತೊಟ್ಟಿ ಮನೆಗಳು ಈ ಬೆಟ್ಟಗುಡ್ಡದ ಸೀಮೆಯಲ್ಲಿ ಇನ್ನೂ ನಿಂತಿವೆ. ನಮ್ಮ ಮುತ್ತಾತನ ಕೈಯವು ಎಂದು ಅಪ್ಪ ಬೊಟ್ಟು ಮಾಡಿ ತೋರಿಸುವ ಮನೆಗಳಿವೆ. ಒಂದಕ್ಕೂ ನಕ್ಷೆ ಇಲ್ಲ. ನಕ್ಷೆ ಬರೆಯುತ್ತಿರಲಿಲ್ಲ ಎಂದಲ್ಲ, ಬರೆಯುತ್ತಿದ್ದರು. ಸಗಣಿ ಸಾರಿಸಿದ ನೆಲದ ಮೇಲೆ, ಕೆಮ್ಮಣ್ಣು ಹಚ್ಚಿದ ದಾರ ಎಳೆದು, ಕೈವಾರ ತಿರುಗಿಸಿ, ಕಂಬದ ನಿಜವಾದ ಅಳತೆಯಲ್ಲೇ ಬರೆಯುತ್ತಿದ್ದರು. ಕೆಲಸ ಮುಗಿಯುತ್ತಿದ್ದಂತೆ ನೆಲ ಮತ್ತೆ ಸಾರಿಸುತ್ತಿದ್ದರು. ಚಿತ್ರ ಹೋಗುತ್ತಿತ್ತು, ಕಂಬ ಉಳಿಯುತ್ತಿತ್ತು. ಮನೆ ನಿಂತಮೇಲೆ ಚಿತ್ರ ಯಾರಿಗೆ ಬೇಕು?

ಉಳಿದದ್ದು ಎರಡೇ ವಸ್ತು. ಒಂದು ಬೀಟೆ ಮರದ ಅಳತೆ ಕೋಲು. ಅದರ ಮೇಲೆ ಇಪ್ಪತ್ತನಾಲ್ಕು ಗೀಟು, ಎಂಟನೆಯದೂ ಹದಿನಾರನೆಯದೂ ಸ್ವಲ್ಪ ಆಳ. ಇನ್ನೊಂದು ಅಟ್ಟದಲ್ಲಿ, ಹಳೆಯ ತೊಟ್ಟಿಲ ಹಿಂದೆ ಒರಗಿಸಿದ್ದ ಹಲಸಿನ ಹಲಗೆ. ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ಅದರಲ್ಲಿ ಒಂದು ಕಂಬದ ಅರ್ಧ ಭಾಗವನ್ನು ಉಳಿಯ ಮೊನೆಯಿಂದ ಗೀರಿದ್ದಾರೆ. ಕೆಳಗೆ ಚೌಕ, ಮೇಲೆ ಎಂಟು ಮೂಲೆ, ನಡುವೆ ಪದ್ಮದ ಪಟ್ಟಿ, ತುದಿಯಲ್ಲಿ ಬೋದಿಗೆಯ ಡೊಂಕು. ಡೊಂಕಿಗೆ ಕೈವಾರದ ಮುಳ್ಳು ಊರಿದ ಎರಡು ತೂತು ಇನ್ನೂ ಕಾಣುತ್ತವೆ. ಅರ್ಧವೇ ಯಾಕೆಂದರೆ ಇನ್ನರ್ಧ ತಿರುಗಿಸಿ ಇಟ್ಟರೆ ಆಯಿತಲ್ಲ! ನಾವು 'ಮಿರರ್' ಕಮಾಂಡ್ ಕೊಡುತ್ತೇವೆ.

ಅಪ್ಪನಿಗೆ ಅದು ಹಲಗೆ. ಒಮ್ಮೆ ಬಚ್ಚಲ ಒಲೆಗೆ ಹೋಗಬೇಕಿದ್ದದ್ದು, ಹಲಸಿನ ಮರ ಹಾಳು ಮಾಡಬೇಡ ಎಂದು ಅಜ್ಜಿ ಅಟ್ಟಕ್ಕೆ ಏರಿಸಿದರಂತೆ. ನಾಲ್ಕು ತಲೆಮಾರಿನ ಕೆಲಸದ ಒಂದೇ ಒಂದು ಚಿತ್ರ ಉಳಿದದ್ದು ಸೌದೆಯ ಲೆಕ್ಕದಲ್ಲಿ.

ನಾನು ಅದನ್ನು ಒರೆಸಿ, ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದೆ. ಗೀರು ಸರಿಯಾಗಿ ಕಾಣಬೇಕಾದರೆ ಬೆಳಕು ಎದುರಿನಿಂದ ಅಲ್ಲ, ಪಕ್ಕದಿಂದ ಬೀಳಬೇಕು. ಆಮೇಲೆ ಒಂದೊಂದು ಪಟ್ಟಿಯ ಎತ್ತರ ಅಳೆದು ಕಂಪ್ಯೂಟರಿನಲ್ಲಿ ಬರೆದೆ. ಇಂಚಿನಲ್ಲಿ ಬರೆದರೆ ಅಂಕಿಗಳು ಅಡ್ಡಾದಿಡ್ಡಿ ಬರುತ್ತವೆ. ಅಳತೆ ಕೋಲಿನ ಗೀಟಿನಲ್ಲಿ ಬರೆದೆ. ಎಲ್ಲವೂ ಪೂರ್ಣಸಂಖ್ಯೆಗೆ ಬಂದು ಕೂತವು. ಎರಡು, ಒಂದು, ಮೂರು, ಒಂದು. ಹಲಗೆ ಮತ್ತು ಕೋಲು ಒಂದೇ ಕೈಯದು ಎಂದು ಅಪ್ಪನಿಗೆ ತೋರಿಸಿದಾಗ ಅವರು ಏನೂ ಹೇಳದೆ ಕೋಲನ್ನು ಅಂಗಿಯ ತುದಿಯಿಂದ ಒರೆಸಿ, ಗೋಡೆಯ ಮೊಳೆಗೆ ನೇತುಹಾಕಿದರು.

ಆ ಹಲಗೆಯ ಕಂಬ ಎಲ್ಲಿದೆ ಎಂದು ಹುಡುಕಿದ್ದು ಮುಂದಿನ ಕೆಲಸ. ಅಪ್ಪನಿಗೆ ಮನೆ ಗೊತ್ತಿತ್ತು. ನಮ್ಮಿಂದ ಮೂರು ಮೈಲಿ ಒಳಗೆ, ಕಾಫಿ ತೋಟದ ನಡುವೆ. ಮನೆಯವರೆಲ್ಲ ಬೆಂಗಳೂರು ಸೇರಿದ್ದಾರೆ, ವಯಸ್ಸಾದ ಯಜಮಾನರು ಒಬ್ಬರೇ ಇದ್ದಾರೆ. ಹೆಂಚು ಜಾರಿದ ಕಡೆ ಮಳೆ ಸುರಿದು ಒಂದು ತೊಲೆ ಕೊಳೆತಿದೆ. ಮನೆ ಬಿಚ್ಚಿಸಿ ಹೊಸದು ಕಟ್ಟಿಸುವ ಮಾತಾಗಿದೆ. ಕಂಬಗಳನ್ನು ಕೊಳ್ಳಲು ಮಂಗಳೂರಿನ ಕಡೆಯಿಂದ ಹಳೇ ಮರದ ವ್ಯಾಪಾರಿಗಳು ಬಂದು ನೋಡಿ ಹೋಗಿದ್ದಾರೆ. ಯಜಮಾನರನ್ನು ನಾನು ಯಾಕೆ ದೂರಲಿ? ಸೋರುವ ಮನೆಯಲ್ಲಿ ನಮ್ಮ ಮುತ್ತಾತನ ನೆನಪಿಗೋಸ್ಕರ ಅವರು ಮಲಗಬೇಕೆ? ಕೆಡವುವ ಮುಂಚೆ ಅಳೆದುಕೊಳ್ಳುತ್ತೇನೆ ಎಂದೆ. "ಅಳ್ಕೊ ಮಗ, ಅದ್ಕೇನು ದುಡ್ಡಾ ಕೊಡ್ಬೇಕು" ಎಂದರು.

ಇಂಥ ಕೆಲಸಕ್ಕೆ ಮೆಷರ್ಡ್ ಡ್ರಾಯಿಂಗ್ ಎನ್ನುತ್ತಾರೆ. ಆರ್ಕಿಟೆಕ್ಚರ್ ಓದುವವರಿಗೆ ಪಾಠದಲ್ಲೇ ಇರುತ್ತದೆ. ನಮ್ಮಂಥ ಡಿಪ್ಲೊಮಾದವರಿಗೆ ಇಲ್ಲ. ಇನ್‌ಟ್ಯಾಕ್‌ನಂಥ ಸಂಸ್ಥೆಗಳು ಹಳೆಯ ಕಟ್ಟಡಗಳನ್ನು ಹೀಗೆ ದಾಖಲಿಸುತ್ತವೆ. ಬೇಕಾದ್ದು ದೊಡ್ಡ ಯಂತ್ರವೇನಲ್ಲ. ಮೂವತ್ತು ಮೀಟರ್ ಟೇಪು, ದಾರ, ತೂಗುಗುಂಡು, ರಸಮಟ್ಟ, ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು. ಕೋಣೆಯ ನಾಲ್ಕು ಗೋಡೆ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೆ ಕರ್ಣವನ್ನೂ ಅಳೆಯಬೇಕು. ಹಳೇ ಮನೆಯ ಮೂಲೆಗಳು ತೊಂಬತ್ತು ಡಿಗ್ರಿ ಇರುತ್ತವೆ ಎಂದು ನಂಬಿ ಕೂತರೆ ನಕ್ಷೆ ಕೊನೆಯಲ್ಲಿ ಕೂಡುವುದೇ ಇಲ್ಲ. ಅಳೆದದ್ದನ್ನು ಅಲ್ಲೇ ಬರೆದುಕೊಳ್ಳಬೇಕು. ಮನೆಗೆ ಬಂದು ನೆನಪಿಸಿಕೊಂಡು ಬರೆದದ್ದು ಅಳತೆಯಲ್ಲ.

ಟೇಪಿನ ಇನ್ನೊಂದು ತುದಿ ಹಿಡಿಯಲು ಅಪ್ಪ ಬಂದರು. ಮೊದಲ ದಿನ ಒಂದು ಗಂಟೆ ಸುಮ್ಮನೆ ಹಿಡಿದರು. ಆಮೇಲೆ ಮಾತು ಶುರುವಾಯಿತು. ಈ ಜಂತೆ ಯಾಕೆ ಹೀಗೆ ಓರೆ ಕೂತಿದೆ, ತೊಟ್ಟಿಯ ನೀರು ಯಾವ ಕಡೆ ಹೋಗಲೆಂದು ನೆಲ ಎಷ್ಟು ಇಳಿಜಾರು, ಮೊಳೆ ಇಲ್ಲದೆ ಬೋದಿಗೆ ಕಂಬಕ್ಕೆ ಹೇಗೆ ಕಚ್ಚಿಕೊಂಡಿದೆ. ಅಪ್ಪ ಹೇಳಿದ ಪದಗಳನ್ನು ನಕ್ಷೆಯಲ್ಲಿ ಹಾಗೇ ಬರೆದೆ. ಬೋದಿಗೆ ಎಂದರೆ ಬೋದಿಗೆ. ಮುಂದಿನವರಿಗೆ ಬ್ರಾಕೆಟ್ ಕ್ಯಾಪಿಟಲ್ ಬೇಕಿದ್ದರೆ ಅವರು ಬರೆದುಕೊಳ್ಳಲಿ. ರಾಮರಾಜ್ ಪದಗಳ ಅರ್ಥಕ್ಕಾಗಿ ಅಷ್ಟು ಅಲೆದಾಡಿದ್ದು ಯಾಕೆ ಎಂದು ನನಗೆ ಅರ್ಥವಾದದ್ದು ಆ ಮಧ್ಯಾಹ್ನ, ಜಂತೆಯ ಕೆಳಗೆ ಏಣಿ ಹಿಡಿದು ನಿಂತಾಗ. ಪದ ಬಲ್ಲವರು ಬದುಕಿರುವಾಗಲೇ ಕೇಳಿಕೊಳ್ಳಬೇಕು. ನನಗೆ ಆ ಶಿಲ್ಪಿ ಮನೆಯಲ್ಲೇ ಇದ್ದಾರೆ.

ಇದುವರೆಗೆ ಏಳು ಹಾಳೆ ಆಗಿದೆ. ನೆಲದ ನಕ್ಷೆ, ತೊಟ್ಟಿಯ ಎರಡು ಸೀಳುನೋಟ, ಬಾಗಿಲುವಾಡ, ಮೂರು ಕಂಬ. ಬಲಗಡೆಯ ಚೌಕದಲ್ಲಿ ನಾನೇ ಸ್ವಲ್ಪ ತಿದ್ದುಪಡಿ ಮಾಡಿಕೊಂಡಿದ್ದೇನೆ. ಮೊದಲ ಸಾಲು 'ಕೆಲಸ ಮಾಡಿದವರು', ಅದರೆದುರು ಮುತ್ತಾತನ ಹೆಸರು. ಎರಡನೆಯದು 'ಪದ ಹೇಳಿದವರು', ಅಪ್ಪನ ಹೆಸರು. ಮೂರನೆಯದು 'ಬರೆದವರು', ಅಲ್ಲಿ ನಾನು. ಕಳೆದ ವಾರ ಇಂಟರ್‌ವ್ಯೂ ಒಂದಕ್ಕೆ ಈ ಹಾಳೆಗಳನ್ನೇ ಸುತ್ತಿಕೊಂಡು ಹೋದೆ. ಎದುರಿಗಿದ್ದವರು ಆ ಚೌಕದ ಮೇಲೆ ಬೆರಳಿಟ್ಟು "ಇದೇನ್ರಿ ಹೊಸ ಫಾರ್ಮ್ಯಾಟು?" ಎಂದು ಕೇಳಿದರು. ಹೇಳಿದೆ. ಇಪ್ಪತ್ತು ನಿಮಿಷ ಕಂಬದ ಬಗ್ಗೆಯೇ ಮಾತಾಡಿದರು. ಫಲಿತಾಂಶ ಇನ್ನೂ ಬಂದಿಲ್ಲ.

ತೊಟ್ಟಿಯಲ್ಲಿ ಒಟ್ಟು ಎಂಟು ಕಂಬ. ಇನ್ನೂ ಐದು ಅಳೆಯುವುದಿದೆ. ಎಲ್ಲವೂ ಒಂದೇ ಥರ, ಒಂದು ಅಳೆದರೆ ಸಾಕು ಎಂದು ನಾನು ಅಂದುಕೊಂಡಿದ್ದೆ. ಅಪ್ಪ ಬಿಡಲಿಲ್ಲ. ದೇವರ ಕೋಣೆಯ ಎದುರಿನ ಕಂಬದ ಪದ್ಮ ಬೇರೆ ಕೈಯದು, ಅದು ಮುತ್ತಾತನ ತಮ್ಮನದ್ದಿರಬೇಕು ಎನ್ನುತ್ತಾರೆ. ದೀಪಾವಳಿ ಕಳೆದ ಮೇಲೆ ಹೆಂಚು ಇಳಿಸುತ್ತಾರಂತೆ. ಅಷ್ಟರೊಳಗೆ ಭಾನುವಾರಗಳು ಆರು ಇವೆ, ಮಳೆ ಬಿಡುವು ಕೊಟ್ಟರೆ.